ಮೂರನೆಯ ಪ್ಲೇಟು

ಬಾವಿ ದಾಟುವಾಗ ಅಕ್ಕ ಯಾವತ್ತೂ ಆ ಕಡೆ ತಿರುಗುತ್ತಿರಲಿಲ್ಲ. ಬಾವಿ ಬತ್ತಿ, ಅದರ ಬಾಯಿಗೆ ಕಬ್ಬಿಣದ ಜಾಲರಿ ಬಿದ್ದು, ಜಾಲರಿಗೆ ಯಾರದೋ ತುಕ್ಕು ಹಿಡಿದ ಸೈಕಲ್ ಒರಗಿ ಎಷ್ಟೋ ಕಾಲವಾಗಿತ್ತು. ಹಗಲಲ್ಲಿ ಅದನ್ನ ಬಾವಿ ಅಂದರೆ ಯಾರೂ ನಂಬರು. ಆದರೆ ರಾತ್ರಿ ಹೊತ್ತು ಬಾವಿ ಬಾವಿಯೇ...

ಅಕ್ಕ ಅಂದರೆ ನಮ್ಮ ದೊಡ್ಡಮ್ಮನ ಮಗಳು. ಬಸ್ ನಿಲ್ದಾಣದಲ್ಲಿ ವಿಚಾರಣೆ ಕಿಟಕಿಯ ಹಿಂದೆ ಕೂರುವ ಕೆಲಸ. ಕೊನೆಯ ಬಸ್ಸು ಹೊರಟ ಮೇಲೆ ಕಿಟಕಿ ಮುಚ್ಚಿ ಮನೆಗೆ ನಡೆದು ಬರುತ್ತಾಳೆ. ಇಡೀ ದಿನ ಜನ ಅವಳನ್ನ "ಯಾವಾಗ ಬರುತ್ತೆ, ಯಾವಾಗ ಬರುತ್ತೆ" ಅಂತ ಕೇಳುತ್ತಾರೆ. ಅವಳು ಎಲ್ಲರಿಗೂ ಹೇಳುತ್ತಾಳೆ. ಅದೇ ಪ್ರಶ್ನೆಯನ್ನ ಅವಳು ಗಂಡನಿಗೆ ಕೇಳಿದರೆ ಮಾತ್ರ ಉತ್ತರವಿಲ್ಲ.

ಆ ರಾತ್ರಿ ಬಾವಿ ದಾಟಿ, ಹಲ್ಲು ಡಾಕ್ಟ್ರ ಮನೆಯ ಹಿತ್ತಲ ಗೋಡೆಯ ಪಕ್ಕಕ್ಕೆ ಬಂದಳು. ಹಿತ್ತಲಲ್ಲಿ ಒಂದು ಶೆಡ್ಡು. ಬಾಗಿಲ ಕೆಳಗೆ ತೆಳುವಾದ ಬೆಳಕು. ಒಳಗಿಂದ ಸದ್ದು.

ಸರ್ರ್... ಸರ್ರ್... ಸರ್ರ್...

ಅವಳಿಗೆ ಗೊತ್ತಿದ್ದ ಸದ್ದೇ. ಚಪ್ಪಟೆ ಉಳಿಯಂಥ ಸ್ಕ್ರೇಪರಿನಿಂದ ಕಬ್ಬಿಣವನ್ನ ಕೆರೆಯುವ ಸದ್ದು. ಕೆರೆಯುತ್ತಿರುವುದು ತನ್ನ ಗಂಡ ಅಂತಲೂ ಗೊತ್ತು. ಅವಳು ನಿಂತದ್ದು ಅದಕ್ಕಲ್ಲ.

ಸರ್ರ್... ಅಂತ ಒಂದು ಕೆರೆತ. ಅದು ಮುಗಿಯುವ ಮುಂಚೆಯೇ ಇನ್ನೊಂದು. ಹಗುರವಾದದ್ದು. ಸ್ರಿಕ್.

ಸರ್ರ್... ಸ್ರಿಕ್. ಸರ್ರ್... ಸ್ರಿಕ್.

ಆ ಕೆಲಸಕ್ಕೆ ಒಬ್ಬರಿಗೆ ಎರಡೂ ಕೈ ಬೇಕು. ಅಂದರೆ ಒಳಗೆ ಇಬ್ಬರಿದ್ದರು.

ಅಕ್ಕನ ಎದೆ ಧಸಕ್ಕೆಂದಿತು. ಹೆದರಿಕೆಯಿಂದಲ್ಲ; ಹೆದರಿದ್ದರೆ ಎಷ್ಟೋ ಚೆನ್ನಾಗಿತ್ತು. ಹೊಟ್ಟೆಯೊಳಗೆ ಕೆಂಡ ಬಿದ್ದ ಹಾಗಾಯಿತು.

"ಅವಳಿಗೆ ಕಲಿಸ್ತಿದಾರೆ..." ಅಂದುಕೊಂಡಳು. "ನನಗೆ ಒಂದು ದಿನ ಆ ಸ್ಕ್ರೇಪರ್ ಮುಟ್ಟೋಕೆ ಬಿಟ್ಟಿಲ್ಲ. ಅವಳಿಗೆ ಕಲಿಸ್ತಿದಾರೆ!"

ಬಾಗಿಲು ತಟ್ಟಲಿಲ್ಲ. ಇಣುಕಲೂ ಇಲ್ಲ. ಮಾನಕ್ಕಂಜಿ ತಲೆ ಎತ್ತಿಕೊಂಡು ಮನೆಗೆ ಬಂದು, ತಾನೊಬ್ಬಳೇ ಊಟ ಮಾಡಿ, ಗಂಡನ ತಟ್ಟೆಯನ್ನ ತೊಳೆದು ಕವುಚಿಟ್ಟಳು. ಉಪವಾಸ ಬೀಳಲಿ ಅಂತ.

ಈ "ಅವಳು" ಯಾರು ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಭಾವನಿಗೆ ಕನ್ನಡಕದ ಅಂಗಡಿ. ಹೊಟ್ಟೆಪಾಡು ಅದು. ಜೀವ ಇದ್ದದ್ದು ಮಾತ್ರ ಮನೆಯ ಹಿಂದಿನ ಲೇತ್, ಅಂದರೆ ಕಬ್ಬಿಣ ಕಡೆಯುವ ಯಂತ್ರದ ಮೇಲೆ. ಮುಚ್ಚಿಹೋದ ಯಾವುದೋ ಕಾರ್ಖಾನೆಯ ಹಳೇ ಲೇತ್ ತಂದು ಹಿತ್ತಲಲ್ಲಿ ಹೂಡಿದರು. ಅಂಗಡಿ ಮುಚ್ಚಿದ ಮೇಲೆ ಅದೇ ಅವರ ದೇವರಮನೆ. "ಇಷ್ಟೆಲ್ಲ ಇಟ್ಕೊಂಡು ಮನೆಗೆ ಉಪಯೋಗ ಬರೋ ಒಂದು ವಸ್ತು ಮಾಡಿದ್ದಾರಾ ಕೇಳು" ಅನ್ನುತ್ತಿದ್ದಳು ಅಕ್ಕ. "ಒಂದು ಆಯುಧ ಮಾಡ್ತಾರೆ. ಯಾಕ್ರೀ ಅಂದ್ರೆ ಇನ್ನೊಂದು ಆಯುಧ ಮಾಡೋಕೆ. ಅದ್ಯಾಕ್ರೀ ಅಂದ್ರೆ ಮೊದಲನೇ ಆಯುಧ ಸರಿಯಿಲ್ಲ, ಅದನ್ನ ತಿದ್ದೋಕೆ. ಬಚ್ಚಲಿನ ನಲ್ಲಿ ಮಾತ್ರ ಇನ್ನೂ ಸೋರ್ತಿದೆ!" ಕಾಲುಚೀಲದಲ್ಲಿ ಕಬ್ಬಿಣದ ಸುರುಳಿ, ಟವೆಲ್ಲಿನಲ್ಲಿ ಎಣ್ಣೆ, ಹಾಸಿಗೆಯಲ್ಲಿ ಹಿತ್ತಾಳೆಯ ಪುಡಿ. ಲೇತಿಗೆ ಅವಳು ಇಟ್ಟ ಹೆಸರು ಸವತಿ. "ಸವತಿಗೆ ಎಣ್ಣೆ ಹಾಕಿ ಆಯ್ತಾ? ಇನ್ನು ನಾನು ಬಡಿಸ್ಲಾ?"

ಭಾವನಿಗೆ ಈ ಹುಚ್ಚು ಹತ್ತಿಸಿದ್ದು ಹಲ್ಲು ಡಾಕ್ಟ್ರು. ನಾಲ್ಕು ಮನೆ ಆಚೆ ಅವರ ಮನೆ. ಎತ್ತರದ ಆಳು, ಅಗಲ ಅಂಗೈ. ಅಷ್ಟು ದೊಡ್ಡ ಕೈ ಬಾಯೊಳಗೆ ಹೇಗೆ ಹೋಗುತ್ತೆ ಅಂತ ಪೇಷೆಂಟುಗಳು ಕೈ ನೋಡಿಯೇ ಬೆವರುತ್ತಿದ್ದರು. ಕೈಕೆಲಸದಲ್ಲಿ ಮಾತ್ರ ಮಹಾ ನಾಜೂಕು, ಅಷ್ಟೇ ಜಂಬ. ಭಾವ ಏನೇ ಮಾಡಿ ತೋರಿಸಲಿ, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, "ಪರವಾಗಿಲ್ಲ... ಕಲಿಯೋನಿಗೆ" ಅನ್ನುತ್ತಿದ್ದರು. ಆ "ಕಲಿಯೋನಿಗೆ" ಅನ್ನೋದು ಭಾವನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿರುತ್ತಿತ್ತು. ಊಟ ಸೇರುತ್ತಿರಲಿಲ್ಲ. ಹಾಗಂತ ಡಾಕ್ಟ್ರೇನು ನೆಮ್ಮದಿಯಾಗಿದ್ದರು ಅಂದುಕೊಳ್ಳಬೇಡಿ. ಭಾವ ಒಂದು ಸಲ, ಕಬ್ಬಿಣದ ತುಂಡನ್ನ ಬಿಗಿಹಿಡಿಯುವ ಪುಟ್ಟ ವೈಸ್ ಮಾಡಿ ಅದು ನಿಜಕ್ಕೂ ಚೆನ್ನಾಗಿ ಬಂದಾಗ, ಡಾಕ್ಟ್ರು ತಲೆನೋವು ಅಂತ ಹೇಳಿ ಕ್ಲಿನಿಕ್ಕಿಗೇ ಹೋಗಲಿಲ್ಲವಂತೆ.

ಇವರಿಬ್ಬರೂ ಸೇರಿ ಹಿಡಿದ ಕೆಲಸ ಮೂರು ಪ್ಲೇಟುಗಳದ್ದು. ಊಟದ ತಟ್ಟೆಯಲ್ಲ, ಎರಕದ ಕಬ್ಬಿಣದ ದಪ್ಪ ಹಲಗೆ, ದೊಡ್ಡ ಟ್ರೇ ಅಷ್ಟು. ಕನ್ನಡಿಗಿಂತ ಮಟ್ಟಸವಾಗಿರಬೇಕು ಅದರ ಮೈ. ಇಂಥವರ ಲೋಕದಲ್ಲಿ ಉಳಿದೆಲ್ಲ ಅಳತೆಗೂ ತಾಯಿ ಅದು. ಅದನ್ನ ಮಾಡುವುದು ಕೈಯಿಂದಲೇ. ಒಂದು ಪ್ಲೇಟಿಗೆ ತೆಳ್ಳಗೆ ನೀಲಿ ಬಣ್ಣ ಹಚ್ಚಿ ಇನ್ನೊಂದನ್ನ ಅದರ ಮೇಲೆ ಉಜ್ಜಬೇಕು. ಎಲ್ಲಿ ಉಬ್ಬಿದೆಯೋ ಅಲ್ಲಿ ನೀಲಿ ಹತ್ತುತ್ತೆ. ನೀಲಿ ಹತ್ತಿದ ಕಡೆ ಕೆರೆಯಬೇಕು. ಮತ್ತೆ ಹಚ್ಚು, ಮತ್ತೆ ಉಜ್ಜು, ಮತ್ತೆ ಕೆರೆ... ಹೀಗೆ ತಿಂಗಳುಗಟ್ಟಲೆ.

"ಎರಡು ಸಾಲದೇನ್ರೀ? ಮೂರ್ಯಾಕೆ?" ಅಂತ ಅಕ್ಕ ಒಂದು ಸಲ ಕೇಳಿ ಸಿಕ್ಕಿಹಾಕಿಕೊಂಡಿದ್ದಳು. ಭಾವ ಕೈ ತೊಳೆಯದೆ ಪಾಠ ಶುರು ಮಾಡಿದರು. ಒಂದು ಅಂಗೈ ಉಬ್ಬಿಸಿ, ಇನ್ನೊಂದನ್ನ ಗುಳಿ ಮಾಡಿ, ಒಂದರ ಮೇಲೊಂದು ಇಟ್ಟರು. "ನೋಡು. ಎಷ್ಟು ಚೆನ್ನಾಗಿ ಕೂತ್ಕೊಂಡ್ವು. ಆದ್ರೆ ಎರಡೂ ಸೊಟ್ಟ! ಎರಡೇ ಇದ್ರೆ ಒಂದರ ಸುಳ್ಳಿಗೆ ಇನ್ನೊಂದು ಸಾಕ್ಷಿ ಹೇಳುತ್ತೆ. ಮೂರನೇದು ಬಂದಾಗಲೇ ಬಂಡವಾಳ ಬಯಲಾಗೋದು." ಈ ಪಾಠವನ್ನ ಅಕ್ಕ ಎಷ್ಟು ಸಲ ಕೇಳಿದ್ದಾಳೆ ಅಂದರೆ, ನಿದ್ದೆಯಲ್ಲಿ ಎಬ್ಬಿಸಿದರೂ ಒಪ್ಪಿಸುತ್ತಾಳೆ.

ಭಾವನದು ಒಂದು ಪ್ಲೇಟು, ಡಾಕ್ಟ್ರದು ಒಂದು. ಮೂರನೆಯದು ಯಾರಿಗೆ? ಅಲ್ಲಿ ಶುರುವಾಯಿತು ಜಗಳ. ಚೆನ್ನಾಗಿ ಮಾಡಿದವನಿಗೆ ಅಂತ ಮಾತಾಗಿತ್ತು. ಚೆನ್ನಾಗಿ ಮಾಡಿದವನು ಯಾರು?

"ನಿನ್ನದು ಕನ್ನಡಕದ ಕೈ ಕಣಯ್ಯ" ಅಂದರು ಡಾಕ್ಟ್ರು. "ನೋಡೋಕೆ ಸರಿ. ಕೆರೆಯೋಕಲ್ಲ."

"ನಿಮ್ಮದೇನು ಮಹಾ ಡಾಕ್ಟ್ರೇ? ಕಂಡವರ ಬಾಯಲ್ಲಿ ಆಡಿಸಿದ ಕೈ!"

ಅದೇ ಕೊನೆಯ ಮಾತು. ಮಾರನೇ ವಾರ ಡಾಕ್ಟ್ರು ಹೋಗಿಬಿಟ್ಟರು. ಕ್ಲಿನಿಕ್ಕಿನಲ್ಲೇ. ಪೇಷೆಂಟು ಬಾಯಿ ತೆರೆದುಕೊಂಡು ಮಲಗಿದ್ದ. ಇವರು ಹಿಂದಿನ ಸ್ಟೂಲಿನ ಮೇಲೆ ಕೂತವರು ಏಳಲಿಲ್ಲ. ಮುಚ್ಚು ಅನ್ನುವವರಿಲ್ಲದೆ ಆ ಮನುಷ್ಯ ಎಷ್ಟೋ ಹೊತ್ತು ಹಾಗೇ ಬಾಯಿ ತೆರೆದುಕೊಂಡಿದ್ದನಂತೆ. ನಗಬೇಡಿ... ಪಾಪ.

ಭಾವ ಅತ್ತರು. ಮನಸಾರೆ ಅತ್ತರು. ಆದರೆ ಕಣ್ಣೊರೆಸಿಕೊಂಡು ಅವರು ಆಡಿದ ಮೊದಲ ಮಾತು, ಅಕ್ಕ ಹೇಳುವ ಪ್ರಕಾರ, "ಪ್ಲೇಟುಗಳ ಗತಿ?"

ಈಗ ಬಂದಳು "ಅವಳು". ಡಾಕ್ಟ್ರ ಹೆಂಡತಿ. ಎಲ್ಲರೂ ಡಾಕ್ಟ್ರಮ್ಮ ಅನ್ನುವುದು. ಆಕೆ ಯಾರಿಗೂ ಒಂದು ಮಾತ್ರೆ ಕೊಟ್ಟವರಲ್ಲ. ಸಣ್ಣ ಮೈಕಟ್ಟು, ಮೆಲುದನಿ, ನಕ್ಕರೆ ಮುತ್ತು ಪೋಣಿಸಿದ ಹಾಗೆ ಹಲ್ಲು. ಹಲ್ಲು ಡಾಕ್ಟ್ರ ಹೆಂಡತಿ, ಕೇಳಬೇಕೆ. ಆಕೆ ಭಾವನಿಗೆ ಶೆಡ್ಡಿನ ಬೀಗದ ಕೈ ಕೊಟ್ಟು, "ನಿಮಗೆ ಯಾವಾಗ ಬೇಕೋ ಆವಾಗ ಬನ್ನಿ, ಮುಗಿಸಿ" ಅಂದರು. ಪ್ಲೇಟುಗಳನ್ನ ಮನೆಗೆ ತಂದುಬಿಡಿ ಅಂದಳು ಅಕ್ಕ. ಭಾವ ಕೇಳಲಿಲ್ಲ. ಆ ಕೋಣೆಯ ತಂಪಿಗೆ ಅವು ಒಗ್ಗಿವೆಯಂತೆ. ಜಾಗ ಬದಲಿಸಿದರೆ ಮೈ ಬದಲಿಸುತ್ತವಂತೆ. "ಕಬ್ಬಿಣಕ್ಕೆ ಇರೋ ಸೂಕ್ಷ್ಮ ನನಗಿಲ್ಲ ನೋಡು" ಅಂತ ಅಕ್ಕ ನನ್ನ ಹತ್ತಿರ ಗೊಣಗಿದ್ದಳು.

ದಿನಾ ರಾತ್ರಿ ಭಾವ ಅಲ್ಲೇ. ಆಮೇಲೆ ಈ ಎರಡು ಕೆರೆತದ ಸದ್ದು.

ಆ ರಾತ್ರಿ ಭಾವ ಮನೆಗೆ ಬಂದು, ಶರ್ಟು ಬಿಚ್ಚಿ ಮೊಳೆಗೆ ತೂಗುಹಾಕಿ, ತಟ್ಟೆ ಕವುಚಿದ್ದನ್ನೂ ಗಮನಿಸದೆ ಮಲಗಿಬಿಟ್ಟರು. ಅಕ್ಕ ಶರ್ಟು ತೆಗೆದು ನೋಡಿದಳು. ಕಾಲರಿನ ಹಿಂದೆ, ಸರಿಯಾಗಿ ಕುತ್ತಿಗೆಯ ಮೇಲೆ... ನೀಲಿ ಬೆರಳಿನ ಗುರುತು. ಯಾರೋ ಹಿಂದೆ ನಿಂತು, ಬೆರಳ ತುದಿ ಮುಂದಕ್ಕೆ ಬರುವಂತೆ ಕೈಯಿಟ್ಟ ಹಾಗೆ.

ತನ್ನ ಕುತ್ತಿಗೆಯ ಹಿಂದೆ ತಾನೇ ಹಾಗೆ ಕೈಯಿಡೋಕೆ ಯಾರಿಂದಲೂ ಆಗಲ್ಲ. ಅಕ್ಕ ಕನ್ನಡಿ ಮುಂದೆ ನಿಂತು ಪ್ರಯತ್ನಪಟ್ಟು ನೋಡಿದಳಂತೆ.

ಮಾರನೇ ರಾತ್ರಿಯ ಶರ್ಟಿನಲ್ಲಿ ಗುರುತು ಪಕ್ಕಕ್ಕೆ ಬಂದಿತ್ತು. ಕಿವಿಯ ಕೆಳಗೆ. ಅದರ ಮಾರನೇ ರಾತ್ರಿ ಇನ್ನೂ ಮುಂದಕ್ಕೆ. ಭಾವ ಸೊರಗಿದ್ದರು. ಕೆಮ್ಮು. ಅಂಗಡಿಯಲ್ಲಿ ಯಾರಿಗೋ ಇನ್ಯಾರದೋ ಕನ್ನಡಕ ಕೊಟ್ಟು ಕಳಿಸಿ, ಆ ಮನುಷ್ಯ ಮೆಟ್ಟಿಲು ಕಾಣದೆ ಬಿದ್ದು ದೊಡ್ಡ ರಂಪವಾಯಿತು.

ಆಗಲೇ ಅಕ್ಕ ನನ್ನ ಮನೆಗೆ ಬಂದದ್ದು. ಇಲ್ಲಿಂದ ಮುಂದೆ ಸ್ವಲ್ಪಕ್ಕೆ ನಾನೇ ಸಾಕ್ಷಿ.

ಕವರಿನಿಂದ ಶರ್ಟುಗಳನ್ನ ತೆಗೆದು ನನ್ನ ಮಂಚದ ಮೇಲೆ ಹರಡಿದಳು. "ಲಿಪ್‌ಸ್ಟಿಕ್ ಆಗಿದ್ರೆ ಒಗೆದು ಹಾಕಿ, ಎರಡು ಬೈದು ಸುಮ್ಮನಾಗ್ತಿದ್ದೆ ಕಣೇ. ಇದು ಒಗೆದ್ರೂ ಹೋಗಲ್ಲ. ಬಣ್ಣದಲ್ಲೂ ನನ್ನ ಹಣೆಬರಹ ನೋಡು."

"ಭಾವನ್ನ ಕೇಳಿದ್ಯಾ?"

"ಕೇಳಿದೆ. 'ಯಾರೂ ಇರಲ್ಲ, ನಾನೊಬ್ಬನೇ' ಅಂದ್ರು. ಹೇಳುವಾಗ ಮುಖ ನೋಡ್ಬೇಕಿತ್ತು... ಖುಷಿ ಕಣೇ! ಹುಡುಗಿ ಕಾಗದ ಬರೆದ ಹಾಗೆ ಖುಷಿ."

ಅಂಗಡಿಯಿಂದ ಕದ್ದು ತಂದ ಭೂತಗನ್ನಡಿಯನ್ನೂ ತೆಗೆದಳು. ಪತ್ತೇದಾರಿಣಿ ತಯಾರಾಗಿಯೇ ಬಂದಿದ್ದಳು. ನಾನು ಗುರುತಿನ ಮೇಲೆ ಗಾಜು ಹಿಡಿದೆ. ನೋಡಿದೆ. ಮತ್ತೆ ನೋಡಿದೆ.

"ಅಕ್ಕ... ಇದರಲ್ಲಿ ಗೆರೆಯೇ ಇಲ್ಲ."

ಬೆರಳ ತುದಿಗೆ ಗೆರೆ ಇರುತ್ತದಲ್ಲ, ಹೆಬ್ಬೆಟ್ಟು ಒತ್ತಿದರೆ ಮೂಡುತ್ತದಲ್ಲ, ಅದು. ನನ್ನ ಬೆರಳಿಗೆ ಪೆನ್ನಿನ ಶಾಯಿ ಹಚ್ಚಿ ಅದೇ ಶರ್ಟಿನ ಅಂಚಿಗೆ ಒತ್ತಿದೆ. ಗೆರೆ ಗೆರೆಯಾಗಿ ಮೂಡಿತು. ಆ ನೀಲಿ ಗುರುತು ಮಾತ್ರ ಚಮಚದ ಬೆನ್ನಿನ ಹಾಗೆ ನುಣುಪು.

"ಗವಸು" ಅಂದೆ. "ಗವಸು ಹಾಕಿದ ಕೈ."

"ಅಯ್ಯೋ ನೋಡೇ ಮಹಾರಾಣೀನ! ಕೈ ಕೊಳೆ ಆಗಬಾರದಂತೆ!"

ನಾನು ಗುರುತಿನ ಮೇಲೆ ನನ್ನ ಕೈಯಿಟ್ಟೆ. ನಾಲ್ಕು ಬೆರಳು ಒಂದು ಕಡೆ, ಹೆಬ್ಬೆರಳು ಇನ್ನೊಂದು ಕಡೆ. ನನ್ನ ಕೈ ಅಷ್ಟಗಲ ಬರಲಿಲ್ಲ. ಅಕ್ಕ ಇಟ್ಟಳು. ಅವಳದೂ ಬರಲಿಲ್ಲ.

"ಡಾಕ್ಟ್ರಮ್ಮನ ಕೈ..." ಅಂದೆ.

"ಮಕ್ಕಳ ಕೈ ಅದು. ಗಡಿಯಾರದ ಪಟ್ಟಿಗೆ ಬೇರೆ ತೂತು ಹೊಡೆಸ್ಕೋತಾಳೆ."

ಫ್ಯಾನು ಕಿರ್... ಕಿರ್... ಅನ್ನುತ್ತಿತ್ತು. ನೀಲಿ ಕೈಗಂಟಿದರೆ ಪೇಷೆಂಟುಗಳು ಬೆಚ್ಚಿಬೀಳುತ್ತಾರೆ ಅಂತ, ಕೆರೆಯುವ ಕೆಲಸಕ್ಕೆ ಕ್ಲಿನಿಕ್ಕಿನ ರಬ್ಬರ್ ಗವಸು ಹಾಕಿಕೊಂಡು ಕೂರುತ್ತಿದ್ದವರು ಯಾರು ಅಂತ ಇಬ್ಬರಿಗೂ ಗೊತ್ತಿತ್ತು. ಬಾಯಿಬಿಟ್ಟು ಹೇಳಲು ಇಬ್ಬರಿಗೂ ಧೈರ್ಯ ಬರಲಿಲ್ಲ. ಕೊನೆಗೆ ಅಕ್ಕ ಶರ್ಟು ಮಡಿಸುತ್ತ ಅಂದಳು, "ದಿನಾ ಮುಂದಕ್ಕೆ ಬರ್ತಿದೆ ಕಣೇ. ಇವತ್ತು ಕಿವಿ ದಾಟಿದೆ. ನಾಳೆ..."

ಅವಳ ಕೈ ಅವಳಿಗೇ ಗೊತ್ತಿಲ್ಲದೆ ತನ್ನ ಗಂಟಲಿಗೆ ಹೋಗಿತ್ತು.

ಇನ್ನು ಮುಂದಿನದು ಅಕ್ಕ ಹೇಳಿದ್ದು. ನಾನು ಅಲ್ಲಿರಲಿಲ್ಲ. ಆದರೆ ನನ್ನಕ್ಕ ಬಸ್ಸಿನ ವಿಷಯದಲ್ಲಿ ಕೂಡ ಸುಳ್ಳು ಹೇಳದವಳು.

ಮಾರನೇ ರಾತ್ರಿ ಕೆಲಸ ಮುಗಿಸಿ ಬಂದವಳು ಮನೆಗೆ ಹೋಗಲಿಲ್ಲ. ಡಾಕ್ಟ್ರ ಮನೆಯ ಹಿತ್ತಲಿಗೆ ನುಗ್ಗಿದಳು. ಶೆಡ್ಡಿನಿಂದ ಸದ್ದು ಬರುತ್ತಿತ್ತು. ಸರ್ರ್... ಸ್ರಿಕ್. ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ, ಕತ್ತಲಲ್ಲಿ, ಡಾಕ್ಟ್ರಮ್ಮ ಕೂತಿದ್ದರು. ಮೊಣಕಾಲು ತಬ್ಬಿಕೊಂಡು. ಕೇಳಿಸಿಕೊಳ್ಳುತ್ತ.

"ಬನ್ನಿ" ಅಂದರು ಪಿಸುದನಿಯಲ್ಲಿ. "ನೀವು ಬರ್ತೀರ ಅಂತ ಗೊತ್ತಿತ್ತು."

"ಒಳಗೆ ಯಾರಿದಾರೆ?"

"ನಿಮ್ಮವರು."

"ಮತ್ತೆ?"

"ನಮ್ಮವರು."

ಅಕ್ಕ ಅದೇ ಮೆಟ್ಟಿಲ ಮೇಲೆ ಕೂತಳು.

"ನಿಮ್ಮವರು ಬೀಗ ಹಾಕಿ ಹೋದ ಮೇಲೂ ನಿಲ್ಲಲ್ಲ" ಅಂದರು ಡಾಕ್ಟ್ರಮ್ಮ. "ಆಗ ಒಂದೇ ಸದ್ದು. ಸ್ರಿಕ್... ಸ್ರಿಕ್... ಬೆಳಗಿನ ತನಕ."

"ನಿಮಗೆ ಭಯ ಆಗಲ್ವಾ?"

"ಭಯ ಯಾಕೆ? ಗಂಡ ತಾನೆ?" ಶೆಡ್ಡಿನ ಕಡೆ ತಿರುಗಿದರು. "ನನಗೆ ಉರಿಯುತ್ತೆ. ಬದುಕಿದ್ದಾಗಲೂ ಶೆಡ್ಡಿಗೆ ಹೋದ್ರು. ಸತ್ತ ಮೇಲೂ ಶೆಡ್ಡಿಗೇ ಬಂದ್ರು. ನಾನು ದಿನಾ ಈ ಬಾಗಿಲು ತೆಗೆದಿಟ್ಟು ಕೂತಿರ್ತೀನಿ. ಒಂದು ಸಲ... ಒಂದೇ ಒಂದು ಸಲ ಈ ಕಡೆ ಬಂದಿಲ್ಲ. ನಿಮ್ಮವರು ಹೋಗುವಾಗ ನೋಡಿದೀನಿ, ಅವರ ಮೈಮೇಲೆ ನಮ್ಮವರ ಕೈ ಗುರುತು ಇರುತ್ತಲ್ಲ?"

"ಇರುತ್ತೆ" ಅಂದಳು ಅಕ್ಕ.

"ನೋಡಿ. ನನಗೆ ಅದೂ ಇಲ್ಲ."

ಇಷ್ಟು ದಿನ ಯಾರನ್ನ ಕಂಡರೆ ಮೈ ಉರಿಯುತ್ತಿತ್ತೋ, ಆಕೆ ಭಾವನನ್ನ ಕಂಡು ಉರಿದುಕೊಳ್ಳುತ್ತಿದ್ದಾಳೆ. ಅದೂ ಯಾವುದಕ್ಕೆ! ಅಕ್ಕನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಶೆಡ್ಡಿನೊಳಗಿಂದ ಕೆಮ್ಮು ಕೇಳಿಸಿತು. ಉಸಿರು ಸಿಗದವರ ಕೆಮ್ಮು. ಅಕ್ಕ ಎದ್ದು ಓಡಿ ಬಾಗಿಲು ತಳ್ಳಿದಳು.

ಬಲ್ಬಿನ ಕೆಳಗೆ ಭಾವ ಒಬ್ಬರೇ ಬಗ್ಗಿದ್ದರು. ಕೈಯಲ್ಲಿ ಸ್ಕ್ರೇಪರ್, ಮುಂದೆ ಅವರ ಪ್ಲೇಟು. ಬೆಂಚಿನ ಆ ಬದಿಗೆ ಡಾಕ್ಟ್ರ ಪ್ಲೇಟು. ಅದರ ಮುಂದೆ ಯಾರೂ ಇಲ್ಲ. ಆದರೆ ಅದರ ಮೈಮೇಲಿಂದ ಕಬ್ಬಿಣದ ಸಣ್ಣ ಹುಡಿ ಏಳುತ್ತಿತ್ತು. ಸ್ರಿಕ್. ಒಂದು ಚಿಟಿಕೆ ಹುಡಿ. ಸ್ರಿಕ್. ಇನ್ನೊಂದು ಚಿಟಿಕೆ.

"ಶ್..." ಅಂದರು ಭಾವ, ತಿರುಗದೆ. "ಮಾತಾಡ್ಬೇಡ ಕಣೇ. ಎರಡೂ ಕೂಡ್ತಿದಾವೆ."

"ರೀ... ನಿಮ್ಮ ಹಿಂದೆ..."

"ಗೊತ್ತು. ಬರ್ತಾರೆ. ನನ್ನ ಕುತ್ತಿಗೆ ಹಿಡಿದು ತಿದ್ತಾರೆ." ಭಾವನ ಕಣ್ಣು ಹೊಳೆಯುತ್ತಿತ್ತು. ಕಣ್ಣ ಕೆಳಗೆ ಕಪ್ಪು. "ನನ್ನ ಪ್ಲೇಟು ಅವರದರ ಮೇಲೆ ಇಟ್ರೆ ಈಗ ನೀಲಿ ಎಲ್ಲಾ ಕಡೆ ಸಮ. ಒಂದು ಚುಕ್ಕೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಕಲಿಯೋನಿಗೆ ಅಂತಿದ್ರಲ್ಲ? ಈಗ ನಾನು ಅವರ ಸಮ. ಇವತ್ತು ಮುಗಿಯುತ್ತೆ."

ಇವತ್ತು ಮುಗಿಯುತ್ತೆ ಅನ್ನುವ ಮಾತು ಕೇಳಿ ಅಕ್ಕ ಒಳಗೆ ಕಾಲಿಟ್ಟಳು. ಏನು ಮಾಡಬೇಕೋ ತೋಚದೆ ಸುತ್ತ ನೋಡಿದಳು. ಮೂಲೆಯಲ್ಲಿ, ಬಟ್ಟೆ ಮುಚ್ಚಿಕೊಂಡು, ಮೂರನೆಯ ಪ್ಲೇಟು. ಬಟ್ಟೆಯ ಮೇಲೆ ಧೂಳು.

"ರೀ" ಅಂದಳು. "ಮೂರನೇದರ ಮೇಲೆ ಇಟ್ಟು ನೋಡಿದ್ರಾ?"

ಸ್ರಿಕ್ ಸದ್ದು ನಿಂತಿತು.

ಭಾವನೂ ನಿಂತರು. "ಅದ್ಯಾಕೆ? ಅದರಲ್ಲಿ ಅವರ ಕೈಯೇ ಜಾಸ್ತಿ ಇದೆ. ನನಗೆ ಬೇಡ ಅದು. ಇವೆರಡು ಕೂಡಿದ್ರೆ ಸಾಕು."

"ಎರಡೇ ಇದ್ರೆ ಒಂದರ ಸುಳ್ಳಿಗೆ ಇನ್ನೊಂದು ಸಾಕ್ಷಿ ಹೇಳುತ್ತೆ ಅಂತ ಊಟ ಆರೋಗೋವರೆಗೂ ಪಾಠ ಹೇಳಿದವರು ಯಾರು?"

ಬಟ್ಟೆ ಎಳೆದು ಬಿಸಾಡಿದಳು. ಭಾವನ ಕೈಯಿಂದ ಸ್ಕ್ರೇಪರ್ ಕಸಿದು ಕೆಳಗಿಟ್ಟು, ಪ್ಲೇಟಿನ ಒಂದು ತುದಿ ತಾನೇ ಹಿಡಿದಳು. ಹೆಂಡತಿಗೆ ಭಾರ ಎತ್ತಲು ಬಿಟ್ಟು ನಿಲ್ಲಲಾಗದೆ ಭಾವ ಇನ್ನೊಂದು ತುದಿ ಹಿಡಿದರು. ಮೂರನೆಯದರ ಮೇಲೆ ಮಗುಚಿ ಮೆಲ್ಲಗೆ ಇಳಿಸಿದರು. ಭಾವ ಒಂದು ಮೂಲೆಯನ್ನ ಬೆರಳಿನಿಂದ ತಳ್ಳಿದರು. ಮಟ್ಟಸವಾಗಿದ್ದರೆ ಅಂಟಿಕೊಂಡಂತೆ ಕೂತಿರಬೇಕು. ತಳ್ಳಿದರೂ ಬಿಗಿಯಾಗಿ ಜರುಗಬೇಕು.

ಅದು ಗಿರ್ರನೆ ತಿರುಗಿತು. ನಡುಮಧ್ಯೆ ಮೊಳೆ ಹೊಡೆದ ಹಾಗೆ, ಆ ಮಧ್ಯದ ಮೇಲೇ ಸುತ್ತಿತು. ಗಿರ್ರ್...

ಭಾವನ ಪ್ಲೇಟಿನ ಹೊಟ್ಟೆ ಉಬ್ಬಿತ್ತು.

ಭಾವನ ಮುಖ ಸುಣ್ಣವಾಯಿತು. ಡಾಕ್ಟ್ರ ಪ್ಲೇಟಿನ ಮೇಲೆ ಉಕ್ಕಿನ ಅಳತೆಪಟ್ಟಿಯನ್ನ ನಿಲ್ಲಿಸಿ ಬೆಳಕಿಗೆ ಬಗ್ಗಿದರು. ಪಟ್ಟಿಯ ಕೆಳಗೆ, ನಡುವೆ, ಬೆಳಕು ತೂರುತ್ತಿತ್ತು. ರಾತ್ರಿಯೆಲ್ಲ ಕೂತು ಆ ಪುಣ್ಯಾತ್ಮ ತನ್ನ ಪ್ಲೇಟನ್ನ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಗುಳಿ ಮಾಡುತ್ತ ಬಂದಿದ್ದ. ಹಗಲು ಅಂಗಡಿಯಲ್ಲಿ ದುಡಿದು, ರಾತ್ರಿ ಬಂದು, ಭಾವ ಅದಕ್ಕೆ ಸರಿಯಾಗಿ ತಮ್ಮದನ್ನ ಉಬ್ಬಿಸುತ್ತ ಬಂದಿದ್ದರು.

"ತಿದ್ದಿಲ್ಲ ರೀ ಅವರು" ಅಂದಳು ಅಕ್ಕ. "ಕೆಡಿಸಿದಾರೆ. ನೀವು ಸಮ ಆಗೋದು ಸತ್ತ ಮೇಲೂ ಸಹಿಸೋಕಾಗ್ಲಿಲ್ಲ ಅವರಿಗೆ."

ಮಾತು ಮುಗಿಯಲಿಲ್ಲ. ಭಾವನ ಕಾಲರು ಒಳಕ್ಕೆ ಒತ್ತಿತು. ಅಕ್ಕನ ಕಣ್ಣೆದುರಿಗೇ, ಬಿಳೀ ಬಟ್ಟೆಯ ಮೇಲೆ ನೀಲಿ ಮೂಡಿತು. ಒಂದು ಬೆರಳು... ಎರಡು... ಈ ಸಲ ಹಿಂದೆಯಲ್ಲ, ಪಕ್ಕದಲ್ಲಲ್ಲ. ಮುಂದೆ. ಗಂಟಲಿಗೆ. ಭಾವನ ಬಾಯಿ ತೆರೆಯಿತು. ಉಸಿರು ಬರಲಿಲ್ಲ. ಅಕ್ಕ ಆ ಕೈಯನ್ನ ಕೀಳಲು ಹೋದಳು. ಕೀಳಲು ಏನಿದೆ ಅಲ್ಲಿ? ಗಾಳಿ. ತಣ್ಣಗಿನ, ರಬ್ಬರ್ ವಾಸನೆಯ ಗಾಳಿ.

"ಡಾಕ್ಟ್ರಮ್ಮಾ! ಕರೀರಿ ಅವರನ್ನ! ಮನೆಯೊಳಗೆ ಕರೀರಿ!"

"ಕರೆದರೆ ಬರೋರಲ್ಲ ಅವರು" ಅಂದರು ಡಾಕ್ಟ್ರಮ್ಮ ಬಾಗಿಲಲ್ಲಿ ನಿಂತು. ಅವರ ದನಿಯಲ್ಲಿ ಅವಸರವೇ ಇರಲಿಲ್ಲ. ಒಳಗೆ ಬಂದರು. ನೆಲದ ಮೇಲಿದ್ದ ಸ್ಕ್ರೇಪರ್ ಎತ್ತಿಕೊಂಡರು. ಭಾವನ ಪ್ಲೇಟನ್ನ ಪಕ್ಕಕ್ಕೆ ಜರುಗಿಸಿ, ಮೂರನೆಯ ಪ್ಲೇಟಿನ ಮುಂದೆ ನಿಂತು, ಗುದ್ದಲಿ ಹಿಡಿದ ಹಾಗೆ ಸ್ಕ್ರೇಪರ್ ಹಿಡಿದು, ಇದ್ದಬದ್ದ ಬಲವೆಲ್ಲ ಹಾಕಿ ಎಳೆದರು.

ಕರ್‍ರ್‍ರ್!

ನಡುಮೈಯಲ್ಲಿ ಉದ್ದಕ್ಕೆ ಗಾಯ. ಉಸಿರು ಕಟ್ಟಿ ಸಾಯುತ್ತಿದ್ದ ಭಾವ ಕೂಡ "ಅಯ್ಯೋ!" ಅಂದುಬಿಟ್ಟರಂತೆ. ಇವರ ಜಾತಿಯೇ ಬೇರೆ.

ಕರ್‍ರ್‍ರ್!

ಎರಡನೆಯ ಗಾಯ. ಭಾವನ ಕಾಲರು ಸಡಿಲಾಯಿತು. ಅವರು ಕುಸಿದು ಅಕ್ಕನ ತೋಳಿಗೆ ಬಿದ್ದು, ಹೋ ಅಂತ ಉಸಿರು ಎಳೆದುಕೊಂಡರು.

ಡಾಕ್ಟ್ರಮ್ಮ ಮೂರನೆಯ ಸಲ ಕೈ ಎತ್ತಿದರು. ಮೊಣಕೈ ಹೊರಕ್ಕೆ ಚಾಚಿತ್ತು. ಅದು... ತಾನಾಗಿ ಅಲ್ಲ, ಯಾರೋ ತಳ್ಳಿದ ಹಾಗೆ... ಮೆಲ್ಲಗೆ ಪಕ್ಕೆಗೆ ಬಂದು ಕೂತಿತು. ಎತ್ತಿದ ಭುಜ ಕೆಳಗಿಳಿಯಿತು. ಸ್ಕ್ರೇಪರಿನ ಹಿಡಿ ಅವರ ಪುಟ್ಟ ಅಂಗೈಯಲ್ಲಿ ಒಂದು ಚೂರು ತಿರುಗಿ ಸರಿಯಾಯಿತು.

ಸರ್ರ್... ಅಂದಿತು ಕಬ್ಬಿಣ. ಹದವಾಗಿ.

ಡಾಕ್ಟ್ರಮ್ಮ ಕಣ್ಣು ಮುಚ್ಚಿಕೊಂಡಿದ್ದರು. "ಬಾಗಿಲು ಹಾಕ್ಕೊಂಡು ಹೋಗಿ" ಅಂದರು.

ಭಾವ ಒಂದು ವಾರ ಮಲಗಿದರು. ಎದ್ದ ಮೇಲೆ ಮೊದಲು ಬಚ್ಚಲಿನ ನಲ್ಲಿ ರಿಪೇರಿ ಮಾಡಿದರು. ಗಂಟಲಿನ ಮೇಲಿನ ನೀಲಿ ಹೋಗಲು ಬಹಳ ಕಾಲ ಹಿಡಿಯಿತು. ಅಲ್ಲಿಯವರೆಗೆ ಮಫ್ಲರ್ ಸುತ್ತಿಕೊಂಡೇ ಕನ್ನಡಕ ಮಾರಿದರು. ಅಕ್ಕನಿಗೆ ಗಂಡ ಉಳಿದ. ಆದರೆ ಮನುಷ್ಯನ ಹೊಟ್ಟೆಕಿಚ್ಚು ಹೇಗಿರುತ್ತೆ ನೋಡಿ: ಈಗಲೂ ಒಂದೊಂದು ರಾತ್ರಿ ಭಾವ ಆ ಹಿತ್ತಲ ಗೋಡೆಗೆ ಕಿವಿಯಿಟ್ಟು ನಿಲ್ಲುತ್ತಾರಂತೆ. "ಆಕೆಗೆ ಸರಿಯಾಗಿ ಹೇಳಿಕೊಡ್ತಿದಾರೆ ಕಣೇ" ಅಂತ ಮುಖ ಸಣ್ಣಗೆ ಮಾಡುತ್ತಾರಂತೆ. "ನನಗೆ ಹೇಳಿಕೊಡಲಿಲ್ಲ." ಅಕ್ಕ ತೋಳು ಹಿಡಿದು ಎಳೆದುಕೊಂಡು ಬರಬೇಕು.

ಇಷ್ಟು ಕೇಳಿ ನನಗೂ ನಂಬಿಕೆ ಪೂರ್ತಿ ಬಂದಿರಲಿಲ್ಲ, ನಿಜ ಹೇಳ್ತೀನಿ. ಓದಿದವಳು ನೋಡಿ, ಅನುಮಾನ ಜಾಸ್ತಿ. ಹೋದ ತಿಂಗಳು ಅಕ್ಕನ ಮನೆಗೆ ಹೋದವಳು, ಬೇಕೆಂದೇ ಡಾಕ್ಟ್ರಮ್ಮನ ಮನೆಗೆ ನುಗ್ಗಿದೆ. ಹಾಡು ಹಗಲು. ಆಕೆ ಚಹಾ ಕೊಟ್ಟರು. ಹತ್ತು ವರ್ಷ ಚಿಕ್ಕವರಾದ ಹಾಗೆ ಕಂಡರು. ಪ್ಲೇಟುಗಳು ಮುಗಿದವಾ ಅಂತ ಕೇಳಿದೆ. "ಎಲ್ಲಿ! ಇನ್ನೂ ಪರವಾಗಿಲ್ಲ ಅಂತಲೂ ಅಂದಿಲ್ಲ" ಅಂತ ನಾಚಿ ನಕ್ಕರು. ಯಾರು ಅಂದಿಲ್ಲ ಅಂತ ನಾನು ಕೇಳಲಿಲ್ಲ.

ಹೊರಡುವಾಗ ಗೇಟಿನ ತನಕ ಬಂದರು. ಏನೋ ಹೇಳಲೋ ಬೇಡವೋ ಅನ್ನುವ ಹಾಗೆ ನಿಂತರು.

"ತಪ್ಪು ತಿಳ್ಕೋಬೇಡಿ" ಅಂದರು. "ನೀವು ಚಹಾ ಕುಡೀತಿದ್ದಾಗ ನೋಡಿದ್ರಂತೆ. ಕೆಳಗಡೆ ಎಡಕ್ಕೆ, ಕೊನೆಯಿಂದ ಎರಡನೇ ಹಲ್ಲು. ಬೇಗ ತೋರಿಸ್ಕೊಳ್ಳಿ."

ನನಗೆ ಹಲ್ಲುನೋವೇ ಇರಲಿಲ್ಲ. ನಕ್ಕು, ಆಗಲಿ ಅಂದು ಬಂದೆ. ಆದರೂ ಮನಸ್ಸು ತಡೆಯದೆ ನಮ್ಮ ಮನೆ ಹತ್ತಿರದ ಕ್ಲಿನಿಕ್ಕಿಗೆ ಹೋದೆ. ಅಲ್ಲಿನ ಹುಡುಗಿ ಡಾಕ್ಟರು ತಟ್ಟಿ ನೋಡಿ, ಏನೂ ಇಲ್ಲ ಆಂಟಿ ಅಂದಳು. ಎಕ್ಸ್‌ರೇ ತೆಗೀರಿ ಅಂದೆ. ತೆಗೆದಳು. ಬೆಳಕಿಗೆ ಹಿಡಿದು, ಬೇರಿನ ಕೆಳಗೆ ಒಂದು ಕಪ್ಪು ಮಚ್ಚೆ ತೋರಿಸಿದಳು.

"ಹೊರಗಿನಿಂದ ಇದು ಯಾರಿಗೂ ಕಾಣಲ್ಲ. ನಿಮಗೆ ಯಾರು ಹೇಳಿದ್ರು?"

ನಾನು ಬಾಯಿ ತೆರೆದುಕೊಂಡೇ ಇದ್ದೆ. ಹಾಗಾಗಿ ಉತ್ತರ ಹೇಳುವ ಕಷ್ಟ ತಪ್ಪಿತು.

ಬೇರು ಸ್ವಚ್ಛ ಮಾಡಿ ಮೇಲೆ ಕ್ಯಾಪ್ ಹಾಕಿದ್ದಾರೆ. ಕೆಳಗಡೆ ಎಡಕ್ಕೆ, ಕೊನೆಯಿಂದ ಎರಡನೆಯದು. ನಂಬದವರು ಬನ್ನಿ, ಆ ಅಂತೀನಿ, ನೋಡಿಕೊಂಡು ಹೋಗಿ.